ಕಾಫಿಪುಡಿ ಅಂಗಡಿಯಲ್ಲಿ ಪಾಠ ಮಾಡಿದ ಮೇಡಂ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಅವರ ಹೆಸರನ್ನು ಕಾಗದದ ಮೇಲೆ ಬರೆದು ನಾನು ಮಾಡಿದ ಅನಾಹುತವೇ ಸಾಕು. ಕೊಪ್ಪದಲ್ಲಿ ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ.

ಕೊಪ್ಪದ ಬಸ್ ಸ್ಟ್ಯಾಂಡಿಗೆ ಹತ್ತಿರ ನನ್ನದೊಂದು ಕಾಫಿಪುಡಿ ಅಂಗಡಿ. ಬೀಜ ಹುರಿದು, ಪುಡಿ ಮಾಡಿ, ಬೇಕಾದವರಿಗೆ ಬೇಕಾದಷ್ಟು ಚಿಕೋರಿ ಬೆರೆಸಿ ಕೊಡುವುದು ನನ್ನ ಕಸುಬು. ಓದಿದ್ದು ಎಸ್ಸೆಸ್ಸೆಲ್ಸಿ. ಮೇಡಂ ಬಿಬಿಎಂ ಹುಡುಗರಿಗೆ ಮಾರ್ಕೆಟಿಂಗ್ ಕಲಿಸುತ್ತಿದ್ದವರು. ಕಾಯಂ ನೌಕರಿಯಲ್ಲ, ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಕಾಲೇಜು ಶುರುವಾಗುವಾಗ ಪಟ್ಟಿಯಲ್ಲಿ ಹೆಸರು ಬಂದರೆ ಕೆಲಸ, ಬರದಿದ್ದರೆ ಇಲ್ಲ. ವಾರದಲ್ಲಿ ನಾಲ್ಕು ದಿನ ಕೊಪ್ಪ, ಗುರುವಾರ ಶೃಂಗೇರಿ, ಶನಿವಾರ ನರಸಿಂಹರಾಜಪುರ. ಹೀಗೆ ಮೂರು ಊರಿನ ಪಾಠ ಸೇರಿದರೆ ಒಬ್ಬರ ಬದುಕು ನಡೆಯುತ್ತಿತ್ತು. ಬಯಲುಸೀಮೆಯಿಂದ ಬಂದು ಇಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬರೇ ಇದ್ದರು.

ನಾನು ಅವರನ್ನು ಮೊದಲು ಕಂಡದ್ದು ಎರಡು ಸಾವಿರದ ಮೂರೋ ನಾಲ್ಕೋ ಇಸವಿಯಲ್ಲಿ. ರಸ್ತೆಯ ಆಚೆ ಬದಿ ನಿಂತು, ಮೊಣಕೈಗೆ ಕೊಡೆ ನೇತುಹಾಕಿಕೊಂಡು, ನನ್ನ ಅಂಗಡಿಯನ್ನೇ ನೋಡುತ್ತ ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದರು. ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ಸೇಲ್ಸ್ ಟ್ಯಾಕ್ಸಿನವರೇ ಇರಬೇಕು ಅಂದುಕೊಂಡೆ. ಪಕ್ಕದ ಚಪ್ಪಲಿ ಅಂಗಡಿಯವನು ಬೇರೆ ಬಂದು, "ನಿನ್ನ ಕತೆ ಮುಗೀತು ಮಾರಾಯ" ಎಂದು ಹೆದರಿಸಿ ಹೋದ. ಕೊನೆಗೆ ಅವರು ರಸ್ತೆ ದಾಟಿ ಬಂದರು.

"ಯಜಮಾನ್ರೇ, ಒಂದು ಮಾತು ಕೇಳ್ಲಾ?"

"ಲೈಸೆನ್ಸ್ ಎಲ್ಲ ಸರಿ ಇದೆ ಮೇಡಂ. ಈಗ್ಲೇ ತೋರಿಸ್ತೆ."

"ನಿಮ್ಮ ಲೈಸೆನ್ಸ್ ಕಟ್ಕೊಂಡು ನನಗೇನಾಗ್ಬೇಕು? ನಾನು ನಿಮ್ಮ ಕೈ ನೋಡ್ತಿದ್ದೆ. ಗಿರಾಕಿ ಬಾಯಿ ಬಿಡೋಕೆ ಮುಂಚೆ ನಿಮ್ಮ ಕೈ ಯಾವುದೋ ಒಂದು ಡಬ್ಬಕ್ಕೆ ಹೋಗಿರುತ್ತೆ. ಒಂದು ಗಂಟೇಲಿ ಒಂದೇ ಸಲ ತಪ್ಪಿದ್ದು. ಹೇಗೆ ಗೊತ್ತಾಗುತ್ತೆ ನಿಮಗೆ?"

"ನೋಡಿದ್ರೆ ಗೊತ್ತಾಗ್ತದಲ್ಲ ಮೇಡಂ."

"ಏನು ನೋಡಿದ್ರೆ?"

ಆ ಪ್ರಶ್ನೆಯನ್ನು ಅಷ್ಟು ವರ್ಷದಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ಅವರು ಸ್ಟೂಲು ಎಳೆದುಕೊಂಡು ಕೂತರು. ನಾನು ಒಂದೊಂದಾಗಿ ಡಬ್ಬ ತೋರಿಸಿದೆ. ಮೊದಲನೆಯದು ಚಿಕೋರಿ ಇಲ್ಲದ್ದು, ಎಸ್ಟೇಟಿನ ಮನೆಗಳಿಗೆ. ಎರಡನೆಯದರಲ್ಲಿ ಹದವಾಗಿ ಚಿಕೋರಿ, ಅದು ಮೇಷ್ಟ್ರು, ಬ್ಯಾಂಕಿನವರು ಒಯ್ಯುವುದು. ಮೂರನೆಯದು ಹೋಟೆಲುಗಳಿಗೆ, ಚಿಕೋರಿ ಇನ್ನೂ ಜಾಸ್ತಿ, ಹಾಲು ಎಷ್ಟು ಬೆರೆಸಿದರೂ ಬಣ್ಣ ಮಾಸಬಾರದು. ಶೃಂಗೇರಿಗೆ ಬಂದು ಹೋಗುವ ಯಾತ್ರಿಕರು ಬಸ್ಸು ಬದಲಿಸಲು ಇಳಿದರೆ ಅವರಿಗೆ ಬಂಗಾರದ ಬಣ್ಣದ ಪ್ಯಾಕೆಟ್ಟು.

"ಆ ಬಂಗಾರದ್ದರಲ್ಲಿ ಏನಿದೆ?"

"ಎರಡನೇ ಡಬ್ಬದ್ದೇ ಮೇಡಂ, ರೇಟು ಮಾತ್ರ ಜಾಸ್ತಿ" ಎಂದೆ ಮೆಲ್ಲಗೆ.

ಅವರು ತಲೆ ಹಿಂದಕ್ಕೆ ಹಾಕಿ ನಕ್ಕರು. ಅವರ ನಗು ದೊಡ್ಡದು. ಬಸ್ಸಿಗೆ ಕಾಯುತ್ತಿದ್ದವರೂ ತಿರುಗಿ ನೋಡಿದರು. "ನಾನು ಇದನ್ನ ಕಲಿಸೋಕೆ ಮೂರು ವಾರ ತಗೋತೀನಿ. ನಾಳೆ ನನ್ನ ಹುಡುಗರನ್ನ ಕರ್ಕೊಂಡು ಬರ್ತೀನಿ. ಬೇಡ ಅನ್ಬೇಡಿ."

ಬಾಗಿಲ ಪಕ್ಕ ದಾರದಲ್ಲಿ ತೂಗುತ್ತಿದ್ದ ಪುಟ್ಟ ಪ್ಯಾಕೆಟ್ಟುಗಳ ಬಗ್ಗೆ ಅವತ್ತು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಸ್ಟೇಟಿನ ಲೈನ್ ಮನೆಗಳ ಕೂಲಿಯವರು ಸಂತೆಯ ದಿನ ಒಯ್ಯುವ ಪ್ಯಾಕೆಟ್ಟುಗಳು ಅವು. ಮೇಲೆ ಹಬೆಯಾಡುವ ಲೋಟದ ಚಿತ್ರ, ಕೆಳಗೆ "ಕಾಫಿಪುಡಿ" ಎಂದು ಅಚ್ಚು. ಒಳಗಿದ್ದದ್ದು ಮುಕ್ಕಾಲು ಪಾಲು ಚಿಕೋರಿ.

ಮರುದಿನ ಹದಿನೈದು ಹುಡುಗ ಹುಡುಗಿಯರು ಬಂದರು. ಅಂಗಡಿಯಲ್ಲಿ ಜಾಗ ಸಾಲದೆ ಮೆಟ್ಟಿಲ ಮೇಲೆ ನಿಂತರು. ಮೇಡಂ ಕೊಡೆಯ ತುದಿಯನ್ನು ಕಡ್ಡಿಯ ಹಾಗೆ ಹಿಡಿದುಕೊಂಡು, "ಹರಿಹರಪುರದ ಬಸ್ಸು ಬಂತು. ಇಳಿಯೋರಲ್ಲಿ ಇಲ್ಲಿಗೆ ಬರೋರು ಯಾವ ಡಬ್ಬದವರು, ಮೊದಲೇ ಹೇಳಿ" ಎಂದರು. ಬೆಳ್ಳಗಿನ ಪಂಚೆ, ಶಲ್ಯ, ಹಣೆಗೆ ಗಂಧ ಇಟ್ಟ ಒಬ್ಬರು ಇಳಿದು ಬಂದರು. ಹುಡುಗರೆಲ್ಲ ಒಟ್ಟಿಗೆ, "ಒಂದನೇದು, ಒಂದನೇದು" ಎಂದರು. ನಾನು ಮೂರನೆಯ ಡಬ್ಬಕ್ಕೆ ಕೈ ಹಾಕಿ ನಾಲ್ಕು ಕಿಲೋ ತೂಗಿದೆ.

ಮೇಡಂ ಅವರನ್ನೇ ಕೇಳಿದರು, "ಸ್ವಾಮಿ, ನೀವು ಯಾಕೆ ಇದನ್ನ ತಗೋತೀರಿ?"

"ನಾನು ಅಡಿಗೆಯವನಲ್ದಾ ಮಾರಾಯ್ತಿ. ಮುನ್ನೂರು ಜನ ಬರುವ ಮದುವೆ. ಕಡೇ ಪಂಕ್ತಿಗೂ ಕಾಫಿಗೆ ಬಣ್ಣ ಬೇಡ್ವಾ? ಮನೆಗೆ ಒಂದನೇದೇ ಒಯ್ಯೂದು ನಾನು."

ಅವರು ಹೋದ ಮೇಲೆ ಮೇಡಂ ಹೇಳಿದ್ದು ನನಗೆ ಈಗಲೂ ನೆನಪಿದೆ. "ಬಟ್ಟೆ ನೋಡಿ ಜನರನ್ನ ಪಾಲು ಮಾಡಿದ್ರಿ, ತಪ್ಪಿತು. ಒಬ್ಬನೇ ಮನುಷ್ಯ ಮನೆಗೊಂದು, ಮದುವೆಗೊಂದು ತಗೋತಾನೆ. ಯಾರು ಅಂತ ಬರ್ಕೋಬೇಡಿ. ಯಾಕೆ, ಯಾವಾಗ ಅಂತ ಬರ್ಕೊಳ್ಳಿ. ಜನ ಅನ್ನೋ ಹೆಸರಿನ ಮನುಷ್ಯ ಯಾವತ್ತೂ ಯಾವ ಅಂಗಡಿಗೂ ಬಂದಿಲ್ಲ." ಮಾರುಕಟ್ಟೆಯನ್ನು ವಿಂಗಡಿಸುವುದು ಅಂದರೆ ಇದೇ, ಪರೀಕ್ಷೆಗೆ ಬರುತ್ತದೆ, ಎಂದೂ ಸೇರಿಸಿದರು.

ಅವರಿಗೆ ಕೇಳುವ ಚಟ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಚೀಲಕ್ಕೆ ಇಣುಕಿ, "ಈ ಸೋಪೇ ಯಾಕೆ ತಗೊಂಡ್ರಿ?" ಎಂದು ಕೇಳಿಬಿಡುವರು. ಒಮ್ಮೆ ಕಂಡಕ್ಟರ್ ರೇಗಿ, "ಮೇಡಂ, ನೀವು ಇಳೀಬೇಕಾದ ಸ್ಟಾಪ್ ಹಿಂದೆ ಹೋಯ್ತು" ಎಂದನಂತೆ. ನರಸಿಂಹರಾಜಪುರದ ಕಡೆ ರಬ್ಬರ್ ತೋಟದವರ ಮನೆಗಳಲ್ಲಿ ಹಾಲಿಲ್ಲದ ಕಪ್ಪು ಕಾಫಿ ಕುಡಿಯುತ್ತಾರೆ, ಅವರಿಗೆ ಚಿಕೋರಿ ನಾಲಗೆಗೆ ಸಿಕ್ಕಿಬೀಳುತ್ತದೆ ಎಂದು ನನಗೆ ಹೇಳಿಕೊಟ್ಟವರು ಅವರೇ. ಸ್ವತಃ ಟೀ ಕುಡಿಯುವ ಊರಿನವರು. ಕಾಫಿ ಕಲಿತದ್ದು ನನ್ನ ಅಂಗಡಿಯಲ್ಲಿ. ತಿಂಗಳಿಗೆ ಕಾಲು ಕಿಲೋ ಒಂದನೇ ಡಬ್ಬದ್ದು ಒಯ್ಯುತ್ತಿದ್ದರು. ಒಂದು ಚಿಟಿಕೆಯನ್ನೂ ಪುಕ್ಕಟೆ ಮುಟ್ಟಿದವರಲ್ಲ. ಈ ಮಾತನ್ನು ಯಾಕೆ ಬರೆಯುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಇನ್ನೊಂದು ವರ್ಷದ ಹುಡುಗರಿಗೆ ಅವರು ಮಾಡಿದ ಪಾಠ ಬೇರೆ. ಎಲ್ಲರನ್ನೂ ನನ್ನ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಲ್ಲಿಸಿದರು. "ಉಸಿರು ಎಳ್ಕೊಳ್ಳಿ. ಏನು ನೆನಪಾಗುತ್ತೆ, ಹೇಳಿ."

"ಅಜ್ಜಿ ಮನೆ" ಎಂದಳು ಒಬ್ಬಳು.

"ಪರೀಕ್ಷೆ. ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿ ಓದಿಸೂದು" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು.

ಮೇಡಂ ನನ್ನ ಕಡೆ ತಿರುಗಿದರು. "ಯಜಮಾನ್ರೇ, ನಿಮಗೆ ಏನು ವಾಸನೆ ಬರ್ತಿದೆ?"

ನಾನು ಮೂಗು ಅರಳಿಸಿ ನೋಡಿದೆ. "ಎಂತ ವಾಸನೆ? ಎಂತದೂ ಇಲ್ಲವಲ್ಲ!"

ಮೆಟ್ಟಿಲ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಡಂ ನಗಲಿಲ್ಲ. "ನೋಡಿದ್ರಾ? ಮೂವತ್ತು ವರ್ಷದಿಂದ ಇದರೊಳಗೇ ಇದ್ದಾರೆ. ಇವರ ಬಟ್ಟೆ, ಕೈ, ಇವರ ಡ್ರಾಯರಿನಲ್ಲಿರೋ ಕಾಗದ, ಎಲ್ಲಾ ಕಾಫಿ. ಇವರಿಗೆ ಮಾತ್ರ ಗೊತ್ತಾಗಲ್ಲ. ನಿಮ್ಮ ಅಂಗಡಿ ಏನು ಅನ್ನೋದು ನಿಮ್ಮ ತಲೇಲಿ ಇರಲ್ಲ, ಬಂದು ಹೋದವರ ತಲೇಲಿ ಇರುತ್ತೆ. ಅಲ್ಲಿ ಅದಕ್ಕೆ ಯಾವ ಜಾಗ ಸಿಕ್ಕಿದೆ ಅಂತ ಹುಡುಕೋದೇ ಪೊಸಿಷನಿಂಗ್. ಬೋರ್ಡು ಬರೆಸೋದು ಆಮೇಲೆ."

ಆ ಮೂರು ವರ್ಷ ನಾನು ನೆಲದ ಮೇಲೆ ಇರಲಿಲ್ಲ. ಚಪ್ಪಲಿ ಅಂಗಡಿಯವನು, "ಏನ್ ಪ್ರೊಫೆಸ್ರೇ, ಕ್ಲಾಸ್ ಬಿಡ್ತಾ?" ಎಂದು ತಮಾಷೆ ಮಾಡಿದರೆ ಒಳಗೊಳಗೇ ಖುಷಿ. ನಾನು ಆಡಿದ ಮಾತನ್ನು ಹುಡುಗರು ಪೆನ್ನು ಹಿಡಿದು ಬರೆದುಕೊಳ್ಳುತ್ತಿದ್ದರು. ಮನೆಯಲ್ಲಿ ಹೆಂಡತಿಗೂ, "ಸುಮ್ನಿರು, ನನ್ನ ಮಾತು ನೋಟ್ಸ್ ಆಗ್ತದೆ" ಎನ್ನುವಷ್ಟು ಕೊಬ್ಬು ಬಂದಿತ್ತು.

ಆ ಕೊಬ್ಬನ್ನು ಇಳಿಸಿದವಳು ಜಯಪುರದ ಕಡೆಯ ಒಬ್ಬ ಹುಡುಗಿ. ಮೇಡಂ ಕ್ಲಾಸಿನವಳೇ. ಹೆಚ್ಚು ಮಾತಿನವಳಲ್ಲ, ಹಿಂದಿನ ಸಾಲಿನಲ್ಲಿ ನಿಂತು ಬರೆದುಕೊಳ್ಳುತ್ತಿದ್ದಳು. ಅವಳ ತಾಯಿ ಎಸ್ಟೇಟಿನಲ್ಲಿ ಕೂಲಿ. ಸಂತೆಯ ದಿನ ತಾಯಿ ನನ್ನಲ್ಲಿ ದಾರದ ಪ್ಯಾಕೆಟ್ಟು ಒಯ್ಯುತ್ತಿದ್ದಳು. ಕಾಲೇಜಿನಲ್ಲಿ ಮೇಡಂ ಒಂದು ಪರೀಕ್ಷೆ ತೋರಿಸಿದ್ದರಂತೆ. ತಣ್ಣೀರಿನ ಲೋಟಕ್ಕೆ ಪುಡಿ ಉದುರಿಸಿದರೆ ಕಾಫಿ ತೇಲುತ್ತದೆ, ಚಿಕೋರಿ ಬಣ್ಣ ಬಿಡುತ್ತ ತಳಕ್ಕೆ ಇಳಿಯುತ್ತದೆ. ಮಕ್ಕಳೆಲ್ಲ ಅವರವರ ಮನೆಯ ಪುಡಿಯನ್ನು ಹೀಗೆ ನೋಡಿ ಬರೆದುಕೊಂಡು ಬರಬೇಕಿತ್ತು.

ಸಂತೆಯ ದಿನ, ಅಂಗಡಿಯ ತುಂಬ ಜನ. ತಾಯಿಯ ಜೊತೆ ಬಂದ ಹುಡುಗಿ ಪುಸ್ತಕ ತೆರೆದು ಹಿಡಿದು ಕೇಳಿದಳು, "ಅಂಕಲ್, ಈ ಪ್ಯಾಕೆಟ್‌ನಲ್ಲಿ ಕಾಫಿ ಎಷ್ಟಿದೆ?"

"ಕಾಫಿಪುಡಿ ಅಂತ ಬರ್ದಿದೆಯಲ್ಲ. ಓದ್ಲಿಕ್ಕೆ ಬರೂದಿಲ್ವಾ?"

"ಓದಿದೆ. ನೀರಿಗೂ ಹಾಕಿ ನೋಡ್ದೆ. ಹೆಚ್ಚಿನದೆಲ್ಲ ತಳಕ್ಕೆ ಹೋಯ್ತು." ಅವಳ ದನಿಯಲ್ಲಿ ಜಗಳವಿರಲಿಲ್ಲ. "ಅಮ್ಮ ದಿನಾ ಕಾಫಿ ಹಣ್ಣು ಕುಯ್ತಾಳೆ ಅಂಕಲ್. ನಮ್ಮನೇಲಿ ಕುಡಿಯೂದು ಕಾಫಿ ಅಲ್ಲ ಅಂತ ಅವಳಿಗೆ ಗೊತ್ತೇ ಇರ್ಲಿಲ್ಲ. ಎಷ್ಟಿದೆ ಅಂತ ಹೇಳಿದ್ರೆ ನಾನು ಬರ್ಕೊಳ್ತೆ."

ತಾಯಿ ಮಗಳ ತೋಳು ಹಿಡಿದು ಎಳೆದಳು. "ಬಾಯಿ ಮುಚ್ಚು. ಅಣ್ಣ, ಬೇಜಾರು ಮಾಡ್ಬೇಡಿ. ಕಾಲೇಜಿಗೆ ಹೋಗಿ ಕೆಟ್ಟಿದೆ ಕೂಸು." ನಾನು ತಲೆ ತಗ್ಗಿಸಿ ತಕ್ಕಡಿ ಒರೆಸತೊಡಗಿದೆ. ಗಿರಾಕಿಗಳು ನನ್ನ ಮುಖವನ್ನು ನೋಡುತ್ತಿದ್ದರು. ಲೈನ್ ಮನೆಯ ಇನ್ನಿಬ್ಬರು ಹೆಂಗಸರು ಕೈಯಲ್ಲಿದ್ದ ಪ್ಯಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಏನು ಬರೆದಿದೆ ಎಂದು ಓದಲು ಅವರಿಗೆ ಬರುತ್ತಿರಲಿಲ್ಲ.

ಸಂಜೆ ಮೇಡಂ ಒಬ್ಬರೇ ಬಂದರು. ಸ್ಟೂಲಿನ ಮೇಲೆ ಕೂರಲಿಲ್ಲ.

"ಆಗಿದ್ದು ಗೊತ್ತಾಯ್ತು. ಜನರ ಮುಂದೆ ಕೇಳು ಅಂತ ನಾನು ಹೇಳಿರ್ಲಿಲ್ಲ ಯಜಮಾನ್ರೇ. ನಿಮಗೆ ನೋವಾಗಿದ್ರೆ ಕ್ಷಮಿಸಿ."

"ನೀವೇ ಕಲ್ಸಿದ್ದಲ್ವಾ ಮೇಡಂ? ಒಬ್ಬೊಬ್ಬರಿಗೆ ಒಂದೊಂದು ಮಾಡ್ಬೇಕು ಅಂತ? ಬಂಗಾರದ ಪ್ಯಾಕೆಟ್ ನೋಡಿ ನಕ್ರಿ. ಇದಕ್ಕೆ ಯಾಕೆ ಬೇಜಾರು?"

"ನಕ್ಕಿದ್ದು ನನ್ನ ತಪ್ಪು. ಅವತ್ತೇ ಹೇಳ್ಬೇಕಿತ್ತು." ಅವರು ದಾರದಿಂದ ಒಂದು ಪ್ಯಾಕೆಟ್ಟು ಬಿಡಿಸಿ ಗಲ್ಲಾದ ಮೇಲೆ ಇಟ್ಟರು. "ಕಡಿಮೆ ದುಡ್ಡಿನವರಿಗೆ ಚಿಕೋರಿ ಜಾಸ್ತಿ ಹಾಕಿ ಮಾರಿ, ತಪ್ಪಿಲ್ಲ. ಎಷ್ಟು ಹಾಕಿದೀನಿ ಅಂತ ಇದರ ಮೇಲೆ ಬರೀರಿ. ಓದೋಕೆ ಬರದವರಿಗೆ ಬಾಯಲ್ಲಿ ಹೇಳಿ. ಅಷ್ಟೇ. ಆ ಹುಡುಗಿ ಕೇಳಿದ ಪ್ರಶ್ನೆ ತಪ್ಪು ಅಂತ ಮಾತ್ರ ನಾನು ಅವಳಿಗೆ ಹೇಳಲ್ಲ."

ಸರಿಯಾದ ಮಾತು. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಪ್ರೊಫೆಸರ್ ಅನ್ನಿಸಿಕೊಂಡವನು ಕೂಲಿಯವಳ ಮಗಳ ಮುಂದೆ ತಲೆ ತಗ್ಗಿಸಿದ್ದು ಮೂರು ದಿನ ನಿದ್ದೆಗೆಡಿಸಿತು. ನಾಲ್ಕನೆಯ ದಿನ ಡ್ರಾಯರಿನಿಂದ ಒಂದು ಹಾಳೆ ತೆಗೆದು, ಅಕ್ಷರದ ಗುರುತು ಸಿಗದಿರಲೆಂದು ಎಡಗೈಯಲ್ಲಿ, ಕಾಲೇಜಿಗೆ ಒಂದು ಮೂಗರ್ಜಿ ಬರೆದೆ. ಮೇಡಂ ಹೆಸರು ಬರೆದು, ಇವರು ಪಾಠ ಮಾಡುವುದು ಬಿಟ್ಟು ಹುಡುಗ ಹುಡುಗಿಯರನ್ನು ಬಸ್ ಸ್ಟ್ಯಾಂಡು, ಅಂಗಡಿ ಎಂದು ಅಲೆಸುತ್ತಾರೆ, ಅದರ ನೆಪದಲ್ಲಿ ಅಂಗಡಿಯವರಿಂದ ಪುಕ್ಕಟೆ ಸಾಮಾನು ಪಡೆಯುತ್ತಾರೆ ಎಂದೆ. ಕೆಳಗೆ ಸಹಿಯ ಜಾಗದಲ್ಲಿ "ನೊಂದ ಪೋಷಕ". ಕೊಪ್ಪದ ಮುದ್ರೆ ಬೀಳಬಾರದೆಂದು ನರಸಿಂಹರಾಜಪುರಕ್ಕೆ ಬಸ್ಸಿನಲ್ಲಿ ಹೋಗಿ ಅಲ್ಲಿ ಅಂಚೆ ಡಬ್ಬಕ್ಕೆ ಹಾಕಿದೆ. ಹಾಕಿದ ಮೇಲೆ ಬೆರಳು ತೂರಿಸಿ ಹಿಂದಕ್ಕೆ ಸಿಗುತ್ತದೆಯೋ ಎಂದು ನೋಡಿದೆ. ಇದು ಸುಳ್ಳಲ್ಲ. ಸಿಗಲಿಲ್ಲ.

ಆ ಸಲ ಪಟ್ಟಿಯಲ್ಲಿ ಮೇಡಂ ಹೆಸರು ಬರಲಿಲ್ಲ. ಯಾರೂ ವಿಚಾರಣೆ ಮಾಡಲಿಲ್ಲ, ಬೈಯಲೂ ಇಲ್ಲ. ಹೆಸರನ್ನು ಬಿಟ್ಟರು, ಅಷ್ಟೇ. ಕೊಪ್ಪದ ನಾಲ್ಕು ದಿನ ಹೋದ ಮೇಲೆ ಉಳಿದೆರಡು ಊರಿನ ಪಾಠಕ್ಕಾಗಿ ಇಲ್ಲಿ ಇರಲು ಅವರಿಂದ ಆಗಲಿಲ್ಲ.

ಹೊರಡುವ ದಿನ ಅಂಗಡಿಗೆ ಬಂದರು. ಕೊಡೆ ಮೊಣಕೈಯಲ್ಲೇ ಇತ್ತು. ಕಾಲು ಕಿಲೋ ತೂಗಿಸಿಕೊಂಡರು. ನಾನು ದುಡ್ಡು ಬೇಡವೆಂದೆ. ಅವರು ಒಂದು ನಿಮಿಷ ನನ್ನನ್ನೇ ನೋಡಿ, ದುಡ್ಡನ್ನು ತಕ್ಕಡಿಯ ತಟ್ಟೆಯಲ್ಲಿ ಇಟ್ಟರು. "ಪುಕ್ಕಟೆ ಬೇಡ ಯಜಮಾನ್ರೇ" ಎಂದರು. ಆಮೇಲೆ ಬಾಗಿಲಲ್ಲಿ ನಿಂತು, ಅಂದು ಹುಡುಗರನ್ನು ನಿಲ್ಲಿಸಿದ್ದ ಹಾಗೆ, ಕಣ್ಣು ಮುಚ್ಚಿ ಉಸಿರು ಎಳೆದುಕೊಂಡರು.

"ಎಲ್ಲಿ ಹೋದ್ರೂ ಈ ವಾಸನೆ ಗುರುತು ಹಿಡೀತೀನಿ. ಪ್ಯಾಕೆಟ್ ಮೇಲೆ ಬರೆಯೋದು ಮರೀಬೇಡಿ."

ಪ್ರೀತಿಯಿಂದ ಹೇಳಿದ ಮಾತು ಅಂದುಕೊಂಡೆ. ಅವರು ಹೋದ ವಾರವೇ ಬರೆಯಲು ಶುರು ಮಾಡಿದೆ. ಅಚ್ಚು ಹಾಕಿಸುವ ಧೈರ್ಯ ಬಂದದ್ದು ಆಮೇಲೆ, ಮೊದಲು ಕೈಯಲ್ಲೇ: ಕಾಫಿ ಒಂದು ಪಾಲು, ಚಿಕೋರಿ ಮೂರು ಪಾಲು. ಹುಡುಗಿಯ ತಾಯಿ ಬಂದಾಗ ಬಾಯಲ್ಲೂ ಹೇಳಿದೆ. ಅವಳು ಪ್ಯಾಕೆಟ್ಟನ್ನು ಕೈಗೆ ತೆಗೆದುಕೊಂಡು, "ಅದೇ ಕೊಡಿ ಅಣ್ಣ. ಬಾಯಿಗೆ ಹತ್ತಿಬಿಟ್ಟಿದೆ. ಗೊತ್ತಿದ್ದು ಕುಡಿಯೂದು ಬೇರೆ" ಎಂದಳು.

ವರ್ಷಗಳು ಕಳೆದವು. ಹುಡುಗಿ ಜಯಪುರದ ಸೊಸೈಟಿಯಲ್ಲಿ ಕೆಲಸಕ್ಕೆ ಸೇರಿದಳು. ಕೊಪ್ಪಕ್ಕೆ ಬಂದಾಗ ತಾಯಿಗೆ ಪುಡಿ ಒಯ್ಯುತ್ತಾಳೆ. ಹೋದ ತಿಂಗಳು ಬಂದವಳು ಚೀಲ ಕೆಳಗಿಟ್ಟು, "ಮೇಡಂ ಹೋಗಿಬಿಟ್ರು ಅಂಕಲ್" ಎಂದಳು. ಅವರ ತಮ್ಮ ಫೋನ್ ಮಾಡಿದ್ದನಂತೆ. "ಮೇಡಂ ಫೋನ್ ಮಾಡಿದಾಗೆಲ್ಲ ನಿಮ್ಮನ್ನ ಕೇಳ್ತಿದ್ರು. ಯಜಮಾನ್ರು ಪ್ಯಾಕೆಟ್ ಮೇಲೆ ಬರೀತಿದಾರಾ ಅಂತ. ಬರೀತಾರೆ ಅಂದ್ರೆ ಖುಷಿ ಅವ್ರಿಗೆ."

ನಾನು ಅವಳಿಗೆ ಸ್ಟೂಲು ಸರಿಸಿಕೊಟ್ಟೆ. ಅವಳು ತನ್ನಷ್ಟಕ್ಕೇ ಮಾತಾಡುತ್ತಲೇ ಇದ್ದಳು.

"ಅವ್ರ ಕೆಲಸ ಹೋಗಿದ್ದು ನನ್ನಿಂದ ಅಂಕಲ್. ನಾನು ಅವತ್ತು ಇಲ್ಲಿ ಬಾಯಿ ಬಿಟ್ಟಿದ್ದಕ್ಕೆ ಯಾರೋ ದೊಡ್ಡವ್ರು ಅರ್ಜಿ ಬರ್ದಿದಾರೆ. ಪ್ರಿನ್ಸಿಪಾಲರು ಅದನ್ನ ಮೇಡಂ ಕೈಗೆ ಕೊಟ್ಟಿದ್ರು. ಸಾಮಾನು ಕಟ್ಟೋಕೆ ನಾನು ಹೋಗಿದ್ದೆ, ಆಗ ನೋಡ್ದೆ. ಯಾರು ಬರ್ದಿದ್ದು ಮೇಡಂ ಅಂದೆ. ಅವ್ರು ಎಂತ ಮಾಡಿದ್ರು ಗೊತ್ತಾ? ಆ ಕಾಗದ ಮೂಗಿನ ಹತ್ರ ಹಿಡ್ಕೊಂಡ್ರು. ಸ್ವಲ್ಪ ನಕ್ರು. ಹರಿದು ಒಲೆಗೆ ಹಾಕಿದ್ರು. ಯಾಕೆ ಹಾಗೆ ಮಾಡಿದ್ರೋ ನನಗೆ ಈಗ್ಲೂ ಗೊತ್ತಿಲ್ಲ."

ನನಗೆ ಗೊತ್ತಾಯಿತು. ಎಡಗೈಯಲ್ಲಿ ಬರೆದಿದ್ದೆ, ಬೇರೆ ಊರಿನಲ್ಲಿ ಹಾಕಿದ್ದೆ. ಆದರೆ ಹಾಳೆ ನನ್ನ ಡ್ರಾಯರಿನದು, ಕಾಫಿ ವಾಸನೆಯದು. ಪುಕ್ಕಟೆ ಬೇಡ ಎಂದು ಅವರು ದುಡ್ಡು ಇಟ್ಟದ್ದು, ಬಾಗಿಲಲ್ಲಿ ನಿಂತು ಉಸಿರೆಳೆದದ್ದು, ಎಲ್ಲ ಒಟ್ಟಿಗೆ ನೆನಪಿಗೆ ಬಂತು. ಗೊತ್ತಿದ್ದೂ ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೆ ಅವರ ಹೆಸರು ಪಟ್ಟಿಯಲ್ಲಿ ಉಳಿಯುತ್ತಿತ್ತೋ ಏನೋ. ಬದಲಿಗೆ, ನಾನು ಪ್ಯಾಕೆಟ್ಟಿನ ಮೇಲೆ ಬರೆಯುತ್ತಿದ್ದೇನೆಯೇ ಎಂದಷ್ಟೇ ವರ್ಷಾನುಗಟ್ಟಲೆ ವಿಚಾರಿಸಿದರು.

ಹುಡುಗಿಯ ಮುಂದೆ ಆಗ ನಾನು ಒಪ್ಪಿಕೊಳ್ಳಲಿಲ್ಲ. ಅವಳು ಪುಡಿ ತೆಗೆದುಕೊಂಡು, ತನ್ನ ತಪ್ಪಲ್ಲದ ತಪ್ಪನ್ನೂ ಹೊತ್ತುಕೊಂಡು ಬಸ್ಸು ಹತ್ತಿ ಹೋದಳು. ಮೇಡಂಗೆ ನಾನಿನ್ನು ಹೇಳಲಾರೆ. ಇವಳಿಗೆ ಹೇಳಬಹುದಿತ್ತು. ಆ ವಾರವೆಲ್ಲ ಕೂತು ಈ ಹಾಳೆಗಳನ್ನು ಬರೆದೆ, ಇಲ್ಲಿಯವರೆಗೆ. ಬಲಗೈಯಲ್ಲಿ. ಕೆಳಗೆ ನನ್ನ ಹೆಸರು, ಅಪ್ಪನ ಹೆಸರು, ಅಂಗಡಿಯ ಹೆಸರು ಹಾಕಿ, ಲಕೋಟೆಗೆ ಸೇರಿಸಿ, ಅಂಚೆಗೆ ಹಾಕದೆ ಜಯಪುರದ ಬಸ್ಸು ಹತ್ತಿದೆ. ಇದನ್ನೂ ಮುಂದಿನ ನಾಲ್ಕು ಸಾಲನ್ನೂ ನಾನು ಇಟ್ಟುಕೊಂಡ ನಕಲಿಗೆ ಸೇರಿಸುತ್ತಿರುವುದು ಅಲ್ಲಿಂದ ಬಂದ ಮೇಲೆ.

ಸೊಸೈಟಿಯ ಕೌಂಟರಿನಲ್ಲಿ ಅವಳೊಬ್ಬಳೇ ಇದ್ದಳು. "ಎಂತ ಅಂಕಲ್, ಇಷ್ಟು ದೂರ?" ಎಂದಳು. ಲಕೋಟೆ ಕೊಟ್ಟೆ. ಒಡೆಯಲೆಂದು ಎತ್ತಿದವಳ ಕೈ ಮುಖದ ಹತ್ತಿರ ಬಂದು ನಿಂತಿತು. ಹಾಗೇ ಮೂಗಿಗೆ ಹಿಡಿದಳು. ಕಣ್ಣೆತ್ತಿ ನನ್ನನ್ನು ನೋಡಿದಳು. ನಾನು ಹೌದೆಂದು ತಲೆ ಆಡಿಸಿದೆ.

"ನಾನಲ್ವಾ ಹಾಗಾದ್ರೆ?" ಎಂದಳು, ತುಂಬ ಸಣ್ಣ ದನಿಯಲ್ಲಿ.

"ನೀನಲ್ಲ ಮಗಾ. ನೀನು ಕೇಳಿದ್ದು ಸರಿ ಇತ್ತು."

ಅವಳು ಕೌಂಟರಿನ ಮೇಲೆ ಕೈಯೂರಿ ಅಳತೊಡಗಿದಳು. ಅಷ್ಟು ವರ್ಷದ ಅಳು. ನಾನು ಆಚೆ ಬದಿಯಲ್ಲಿ, ಅವಳು ಬೈಯಲಿ ಎಂದು ಕಾಯುತ್ತ ನಿಂತಿದ್ದೆ.